ಎಡೇಹಳ್ಳಿಗೆ ಹೋದ ಮಗು

ಕಮ್ಮರಡಿಯಲ್ಲಿ ಒಬ್ಬರ ಅಂಗಳದಲ್ಲಿ ಕೂತು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದೆ. ಪಾತ್ರೆ ಕಾದು, ನವಸಾಗರದ ಹೊಗೆ ಎದ್ದು, ತವರ ಕರಗಿ ಹರಿಯುವ ಹೊತ್ತಿಗೆ ಹತ್ತಿಯಲ್ಲಿ ಬೇಗ ಬೇಗ ಒರೆಸಿಬಿಡಬೇಕು. ಆಗ ಯಾರು ಬಂದು ಮಾತಾಡಿಸಿದರೂ ನನಗೆ ಸಿಟ್ಟು ಬರುತ್ತದೆ. ಬಂದವರು ದಫೇದಾರ್ ಮಂಜಪ್ಪ. ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ನೆಲಕ್ಕೆ ಊರಿ ನಿಂತರು.

"ಜಲಾಲ, ಸಾಯಂಕಾಲ ನಿಮ್ಮನೆಗೆ ಬರ್ತೀನಿ ಮಾರಾಯ. ಆ ಮಗೂನ ಕಣ್ಣಾರೆ ನೋಡಿ ವರದಿ ಬರೀಬೇಕಂತೆ. ಚಿಕ್ಕಮಗಳೂರಿಂದ ಹೇಳಿ ಕಳ್ಸಿದಾರೆ."

ನನ್ನ ಕೈ ನಿಂತಿತು. ತವರ ಒಂದೇ ಕಡೆ ಗಂಟು ಕಟ್ಟಿತು. ಪಾತ್ರೆ ಕೆಟ್ಟಿತು.

ಆ ಮಗು ಎಂದರೆ ಜಹೀರಾ, ನನ್ನ ಚಿಕ್ಕ ಅಕ್ಕ ಶಕೀಲಾಳ ಮಗಳು. ಹುಟ್ಟಿದ್ದು ಕರಾಚಿಯಲ್ಲಿ. ಅಮ್ಮಿಯ ಅಣ್ಣ ದೇಶ ಒಡೆಯುವ ಮೊದಲೇ ಅಲ್ಲಿಯ ಚಹಾ ಹೋಟೆಲಿಗೆ ದುಡಿಯಲು ಹೋದವರು ಅಲ್ಲೇ ಉಳಿದರು. ಅಣ್ಣನ ಮಗ ಹೊರಗಿನವನಲ್ಲವಲ್ಲ ಎಂದು ಅಮ್ಮಿ ಅಕ್ಕನನ್ನು ಅವನಿಗೆ ಕೊಟ್ಟಳು. ಮದುವೆಯ ಮರುವರ್ಷವೇ ಯುದ್ಧ ಬಂತು, ದಾರಿ ಮುಚ್ಚಿತು. ದಾರಿ ತೆರೆದ ಮೇಲೂ ಅಕ್ಕ ಬರಲಿಲ್ಲ. ಅವಳು ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂತು. ಎಂಬತ್ತೆರಡನೇ ಇಸವಿಯಲ್ಲಿ ಅಕ್ಕನ ಅತ್ತೆ, ನಮ್ಮ ಮಾಮಿ, ಈ ಮೊಮ್ಮಗಳನ್ನು ಕರೆದುಕೊಂಡು ನಮ್ಮೂರು ಕೊಪ್ಪಕ್ಕೆ ಬಂದರು. ಅವರ ಮಗ ಇನ್ನೊಂದು ಮದುವೆಯಾಗಿದ್ದ. ಮಗುವನ್ನು ಸಾಕಿಕೊಳ್ಳಿ ಎಂದು ನಮ್ಮ ಮಡಿಲಿಗೆ ಹಾಕಿ, ಹಿಂದಕ್ಕೆ ನೋಡದೆ ಬಸ್ಸು ಹತ್ತಿದರು.

ಸಾಕುತ್ತೇನೆಂದು ಮುಂದೆ ಬಂದವಳು ದೊಡ್ಡಕ್ಕ ಮುಮ್ತಾಜ್. ಅವಳನ್ನು ಕೊಟ್ಟಿದ್ದು ನರಸಿಂಹರಾಜಪುರಕ್ಕೆ. ಗಂಡ ಅಹ್ಮದ್ ಭಾವನದು ಅಲ್ಲಿ ಗಡಿಯಾರ ರಿಪೇರಿ ಅಂಗಡಿ. ಮಕ್ಕಳಿಲ್ಲ. ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಅವಳನ್ನು ಮುಂದೆ ಕೂರಿಸುತ್ತಿರಲಿಲ್ಲ. ಜಹೀರಾಳನ್ನು ಮೊದಲ ದಿನ ಎತ್ತಿಕೊಂಡವಳು ಮೂರು ದಿನ ಕೆಳಗಿಳಿಸಲಿಲ್ಲ.

ಆದರೆ ಎತ್ತಿಕೊಂಡ ಮಾತ್ರಕ್ಕೆ ಮಗು ನಮ್ಮದಾಗುವುದಿಲ್ಲವಂತೆ. ಕೊಪ್ಪದ ಲಾಯರ್ ತ್ರ್ಯಂಬಕ ಬಿಡಿಸಿ ಹೇಳಿದರು. ನಿಮ್ಮಲ್ಲಿ ದತ್ತು ಎಂಬುದಿಲ್ಲ, ಮುಮ್ತಾಜಳನ್ನು ಪೋಷಕಿ ಎಂದು ಕೋರ್ಟು ಒಪ್ಪಬೇಕು. ಅದಕ್ಕೂ ಮೊದಲು ಮಗು ಈ ದೇಶದಲ್ಲಿ ಉಳಿಯಲು ಸರ್ಕಾರದ ಅಪ್ಪಣೆ ಬೇಕು. ಅಪ್ಪಣೆ ಬರುವವರೆಗೆ ವೀಸಾದಲ್ಲಿ ಬರೆದ ಊರು ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಅದರಲ್ಲಿ ಬರೆದಿದ್ದು ಒಂದೇ ಊರು, ಕೊಪ್ಪ. ಮಾಮಿಗೆ ಗೊತ್ತಿದ್ದ ವಿಳಾಸ ಅದೊಂದೇ. ಹಾಗಾಗಿ ಸಾಕುವವಳು ನರಸಿಂಹರಾಜಪುರದಲ್ಲಿ, ಮಗು ಕೊಪ್ಪದಲ್ಲಿ. ಅಕ್ಕ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು, ಮಗುವಿಗೆ ಎಣ್ಣೆ ಹಚ್ಚಿ ಮೀಸಿ, ಸಂಜೆ ಬಸ್ಸಿಗೆ ಅಳುತ್ತ ಹೋಗುತ್ತಿದ್ದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೊಣಕಾಲುದ್ದದ ಮಗು ಬಸ್ಸು ಹತ್ತಿದರೆ ದೇಶಕ್ಕೆ ಏನು ಕೇಡು ಎಂದು ಲಾಯರನ್ನೇ ಕೇಳಿದೆ. ಅವರು ಕನ್ನಡಕ ಒರೆಸುತ್ತ, "ಈ ಸಿಟ್ಟನ್ನ ಇಲ್ಲೇ ಮುಗ್ಸು, ಸ್ಟೇಷನ್ನಿಗೆ ತಗಂಡು ಹೋಗ್ಬೇಡ" ಅಂದರು.

ತಿದಿ, ಇದ್ದಿಲ ಚೀಲ ಎಲ್ಲವನ್ನೂ ಕಮ್ಮರಡಿಯಲ್ಲೇ ಬಿಟ್ಟು ಸಿಕ್ಕಿದ ಲಾರಿ ಹತ್ತಿ ಮನೆಗೆ ಬಂದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಸುಬ್ಬಮ್ಮನವರು ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು.

"ನಿಮ್ಮಮ್ಮ ಪುಟ್ಟೀನ ಕರ್ಕಂಡು ಬೆಳಗಿನ ಬಸ್ಸಿಗೆ ಎಡೇಹಳ್ಳಿಗೆ ಹೋದ್ರು. ಹಸಿರು ರೇಷ್ಮೆ ಲಂಗ ಹಾಕ್ಸಿದ್ರು ಕಣೋ, ಗೊಂಬೆ ಹಂಗೆ ಕಾಣ್ತಿತ್ತು. ಅಕ್ಷರಾಭ್ಯಾಸ ಅಂತೆ, ನಿನಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಹೇಳಿದ್ದರೆ ನಾನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ ಎಂದು ಅಮ್ಮಿಗೆ ಗೊತ್ತಿತ್ತು.

ನರಸಿಂಹರಾಜಪುರವನ್ನು ಹಳಬರು ಇವತ್ತಿಗೂ ಎಡೇಹಳ್ಳಿ ಎನ್ನುತ್ತಾರೆ. ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುತ್ತಾರೆ, ಸುಬ್ಬಮ್ಮನವರು ಅಕ್ಷರಾಭ್ಯಾಸ ಅಂದದ್ದು ಅದನ್ನೇ. ಸಾಕುವ ತಾಯಿಯ ಮಡಿಲಲ್ಲಿ ಕೂರಿಸಿ ಮೊದಲ ಮಾತು ಹೇಳಿಸುವುದು ನಮ್ಮ ಮನೆಯ ಪದ್ಧತಿ. ನಮಗೆಲ್ಲ ಅದನ್ನು ಹೇಳಿಕೊಟ್ಟವರು ಎಡೇಹಳ್ಳಿಯ ಅಬ್ದುಲ್ ರಹಮಾನ್ ಹಜ್ರತ್. ಈಗ ಮಂಚ ಬಿಟ್ಟು ಏಳಲಾರರು. ಹಜ್ರತ್ ಬರಲಾಗದಿದ್ದರೆ ಮಗು ಹೋಗಬೇಕು. ಅಮ್ಮಿಯ ತಲೆಯಲ್ಲಿ ಇದ್ದ ಲೆಕ್ಕ ಇಷ್ಟೇ.

ಬಸ್ಸು ಸಿಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಕಿಟಕಿಯ ಸರಳು ಹಿಡಿದು ಕೂತಿದ್ದೆ. ಎದುರಿಗೆ ಬರುವ ಪ್ರತಿ ಬಸ್ಸಿನಲ್ಲೂ ಹಸಿರು ಲಂಗ ಹುಡುಕಿದೆ. ಅವರು ವಾಪಸು ಹೊರಟಿದ್ದು ನಾನು ಇಲ್ಲಿ ಕೂತಿದ್ದರೆ? ಅಲ್ಲಿಯ ಯಾವನೋ ಪೊಲೀಸು, ಯಾರ ಮಗು ಇದು ಎಂದು ಕೇಳಿದ್ದರೆ? ಅಮ್ಮಿಗೆ ಸುಳ್ಳು ಹೇಳಲು ಬರುವುದಿಲ್ಲ. ಯಾರು ಕೇಳಿದರೂ ಕರಾಚಿಯಿಂದ ಶುರುಮಾಡಿ ಪೂರ್ತಿ ಕಥೆ ಹೇಳುತ್ತಾಳೆ.

ಹಜ್ರತ್ತರ ಮನೆಯ ಹೊಸ್ತಿಲಲ್ಲಿ ನಾನು ಕಾಲಿಡುವಾಗ ಒಳಗೆ ಶಾಸ್ತ್ರ ನಡೆಯುತ್ತಿತ್ತು. ಮುಮ್ತಾಜಕ್ಕನ ಮಡಿಲಲ್ಲಿ ಜಹೀರಾ. ಮುದುಕರು ಮಂಚದಿಂದಲೇ ಬಗ್ಗಿ, ನಡುಗುವ ಬೆರಳಲ್ಲಿ ತಟ್ಟೆಯ ಮೇಲೆ ಕೇಸರಿಯಿಂದ ಬರೆಯುತ್ತಿದ್ದರು. ಅವರು ಒಂದೊಂದೇ ತುಂಡು ಹೇಳಿದರು, ಮಗು ಹೇಳಿತು. ಅಕ್ಕನ ತುಟಿಯೂ ಜೊತೆಗೆ ಅಲುಗುತ್ತಿತ್ತು. ಆ ಹೊತ್ತಿನಲ್ಲಿ ಕೂಗಾಡಲು ನನ್ನಿಂದಲೂ ಆಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬೆವರುತ್ತ ನಿಂತೆ.

ಹೊರಗೆ ಬಂದಮೇಲೆ ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅಮ್ಮಿ ಬೂಂದಿಯ ಪೊಟ್ಟಣ ಕಟ್ಟುತ್ತಲೇ ಉತ್ತರ ಕೊಟ್ಟಳು.

"ಕೊಪ್ಪ ಬಿಟ್ಟು ಹೋಗ್ಬಾರ್ದು ಅಂದ್ರು, ಬಿಟ್ಟು ಎಲ್ಲಿಗ್ ಹೋದೆ? ಎಡೇಹಳ್ಳಿ ಕೊಪ್ಪಕ್ಕೇ ಸೇರಿದ್ದಲ್ವಾ? ನಿಮ್ಮಪ್ಪ ಇರೋವಾಗ ಇಲ್ಲಿಯವರು ಜಾಗದ ಕೆಲಸಕ್ಕೆಲ್ಲ ಕೊಪ್ಪದ ಕಚೇರಿಗೇ ಓಡಾಡ್ತಿದ್ರು."

"ಅದು ನಿನ್ನ ಕಾಲದ್ದು ಅಮ್ಮಿ. ಈಗ ಬೇರೆ ಠಾಣೆ, ಬೇರೆ ತಾಲ್ಲೂಕು."

"ಮಗೂನ ಇಲ್ಲೇ ಇಟ್ಕಳ್ಳೋ ಹಂಗಿಲ್ಲ ಅಂತ ಗೊತ್ತು, ಹಗಲು ಬಂದು ಹೋಗೋಕೂ ಇಲ್ಲ ಅಂತ ನನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಊರು ಬಿಡಬಾರದು ಎಂದಷ್ಟೇ ಹೇಳಿದ್ದೆವು. ಊರು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಅಹ್ಮದ್ ಭಾವ ಗೋಡೆಗೆ ಒರಗಿ ಕೂತಿದ್ದ. ಮಗು ಅವನ ತೊಡೆಯ ಮೇಲೆ ಹತ್ತಿ, ಒಳಗೆ ಯಂತ್ರವಿಲ್ಲದ ಒಂದು ವಾಚನ್ನು ತನ್ನ ಕೈಗೆ ಕಟ್ಟಿಸಿಕೊಳ್ಳುತ್ತಿತ್ತು. ಅವನು ನನ್ನತ್ತ ನೋಡದೆ, ಕೂತು ನೀರು ಕುಡಿ, ಬಸ್ಸಿಗೆ ಇನ್ನೂ ಹೊತ್ತಿದೆ ಅಂದ. ನನಗೆ ಪಿತ್ತ ನೆತ್ತಿಗೇರಿತು.

"ನಿಂಗೇನು ಭಾವ. ಇದ್ರೆ ಇರ್ಲಿ, ಹೋದ್ರೆ ಹೋಗ್ಲಿ. ಮುಳ್ಳು ತಿರುಗ್ಸ್ಕಂತ ಕೂತಿರು. ನಿನ್ನ ಸ್ವಂತ ಮಗು ಅಲ್ವಲ್ಲ, ನಿನ್ನ ಹೆಸರು ಹೇಳದಿಲ್ಲ, ಅದಕ್ಕೇ."

ಅಕ್ಕ ನನ್ನ ಬಾಯಿ ಮುಚ್ಚಲು ಬಂದಳು. ಭಾವ ವಾಚಿನ ಪಟ್ಟಿಗೆ ಇನ್ನೊಂದು ತೂತು ಮಾಡಿ ಮಗುವಿನ ಕೈಗೆ ಸರಿಮಾಡಿ ಕಟ್ಟಿದ.

ವಾಪಸು ಬರುವಾಗ ಜಹೀರಾ ನನ್ನ ತೊಡೆಯ ಮೇಲಿದ್ದಳು. ಖಾಕಿ ಕಂಡಾಗಲೆಲ್ಲ ಅವಳ ತಲೆ ತಗ್ಗಿಸುತ್ತಿದ್ದೆ. ನೋಡಿದರೆ ಕಂಡಕ್ಟರೇ. ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಮುದುಕನೊಬ್ಬ ಅವಳ ಗಲ್ಲ ಹಿಡಿದು ಯಾವೂರು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ಗಟ್ಟಿಯಾಗಿ ಕರಾಚಿ ಅಂದಳು. ಮುದುಕ ನಗಾಡಿ, "ಹಂಗಾರೆ ತುಂಬಾ ಮುಂದೆ ಹೋಗ್ಬೇಕಲ್ಲ ನೀವು" ಅಂದ. ಬಸ್ಸಿನಲ್ಲಿ ನಾಲ್ಕಾರು ಜನ ನಕ್ಕರು. ಕೊಪ್ಪದ ಮೊದಲ ಮನೆ ಕಾಣುವವರೆಗೆ ನಾನು ಅವಳ ಮುಖವನ್ನು ನನ್ನ ಎದೆಗೆ ಒತ್ತಿ ಹಿಡಿದಿದ್ದೆ.

ಮನೆಯ ಜಗಲಿಗೆ ಸೈಕಲ್ ಒರಗಿಸಿ ಮಂಜಪ್ಪ ಕೂತಿದ್ದರು. ಮಗುವಿಗೆ ಜ್ವರವಿತ್ತು, ಡಾಕ್ಟರ ಹತ್ತಿರ ಹೋಗಿದ್ದೆವು ಎನ್ನಬೇಕೆಂದು ದಾರಿಯಲ್ಲೇ ಅಮ್ಮಿಗೆ ಹತ್ತು ಸಲ ಹೇಳಿದ್ದೆ. ಅಮ್ಮಿ ಬೂಂದಿಯ ಪೊಟ್ಟಣ ಬಿಚ್ಚಿ ದಫೇದಾರರ ಮುಂದೆ ಹಿಡಿದು, ಮಗುವಿನ ಬಿಸ್ಮಿಲ್ಲಾ ಆಯಿತು, ಎಡೇಹಳ್ಳಿಯಲ್ಲಿ, ತಗೊಳ್ಳಿ ಅಂದಳು. ಅಕ್ಷರ ಶುರುವಾದ ದಿನ ಮಗುವಿನ ಹೆಸರಲ್ಲಿ ಸುಳ್ಳು ಹೇಳುವುದು ಅವಳಿಗೆ ಬೇಡವಾಗಿತ್ತು.

ಮಂಜಪ್ಪ ಬೂಂದಿ ನೋಡಿದರು, ನನ್ನನ್ನು ನೋಡಿದರು.

"ಏನಮ್ಮ ನೀವು. ಕೇಳದೆ ಇದ್ದಿದ್ದನ್ನೂ ಹೇಳ್ತೀರಲ್ಲ. ನಾನೀಗ ಬರೀದೆ ಇರೋ ಹಂಗಿಲ್ಲ."

ಬರೆದರು. ಬೂಂದಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ನಾನು ಅಂದು ಅಮ್ಮಿಯ ಕೈಯ ಅನ್ನ ಮುಟ್ಟಲಿಲ್ಲ.

ಆಮೇಲಿನ ವಾರಗಳು ಹೇಗೆ ಹೋದವೆಂದು ಕೇಳಬೇಡಿ. ಅಕ್ಕ ಬಂದಳೆಂದರೆ ಮಗುವಿನ ಬಟ್ಟೆಗಳನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಸೈಕಲ್ ಬೆಲ್ ಕೇಳಿದರೆ ಅಮ್ಮಿ ಮಗುವನ್ನು ಅಡುಗೆಮನೆಗೆ ಎಳೆದುಕೊಳ್ಳುತ್ತಿದ್ದಳು. ನಾನು ಅಡ್ಡಗದ್ದೆ, ಕಿಗ್ಗದ ಕಡೆಯ ಕೆಲಸ ಬಿಟ್ಟೆ. ಕರೆದರೆ ಕೇಳುವಷ್ಟು ದೂರದಲ್ಲೇ ಒಲೆ ಹೂಡಿದೆ.

ಕೊನೆಗೆ ಸರ್ಕಾರದ ಆದೇಶ ಬಂತು. ಲಾಯರು ಓದಿ ಹೇಳಿದರು. ಒಂದು ವರ್ಷ ಇರಬಹುದು. ಕೊಪ್ಪ ಬಿಡುವಂತಿಲ್ಲ. ವಾರಕ್ಕೊಮ್ಮೆ ಠಾಣೆಗೆ ತಂದು ತೋರಿಸಬೇಕು. ಇನ್ನೊಮ್ಮೆ ಹೀಗಾದರೆ ಕರಾಚಿಗೆ ವಾಪಸು. ನಾನು ಉಸಿರು ಬಿಡುವಷ್ಟರಲ್ಲಿ ಅವರು ಕನ್ನಡಕ ತೆಗೆದರು. ಮಗು ಒಂದೂರಲ್ಲಿ, ಸಾಕುವವಳು ಒಂದೂರಲ್ಲಿ ಇದ್ದರೆ ಕೋರ್ಟು ಅವಳನ್ನು ಪೋಷಕಿ ಎಂದು ಹೇಗೆ ಒಪ್ಪೀತು? ಮುದುಕಿ ಅಜ್ಜಿಗೂ ಕೊಡಲಾರರು, ಮದುವೆಯಾಗದ ನಿನಗಂತೂ ಇಲ್ಲ. ವರ್ಷ ಮುಗಿದ ಮೇಲೆ ಮಗು ಯಾರದೂ ಆಗಿರುವುದಿಲ್ಲ ಅಂದರು.

ಆ ಮಾತನ್ನು ಅಕ್ಕನಿಗೆ ಹೇಳಿದವನು ನಾನೇ. ಅವಳು ಅಳಲಿಲ್ಲ. ಗಂಡನನ್ನು ಕೇಳುತ್ತೇನೆ ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಕೇಳಿ ಏನು ಪ್ರಯೋಜನ ಅಂದುಕೊಂಡೆ. ಆ ಮನುಷ್ಯ ತನ್ನಪ್ಪನ ಕಾಲದ ಅಂಗಡಿಯ ಸ್ಟೂಲು ಬಿಟ್ಟು ಎದ್ದದ್ದನ್ನು ನಾನು ನೋಡಿರಲಿಲ್ಲ.

ಶುಕ್ರವಾರದ ನಮಾಜು ಮುಗಿಸಿ ಬರುವಾಗ ಮನೆಯ ಮುಂದೆ ಎರಡು ಟ್ರಂಕು, ಹಾಸಿಗೆ ಸುರುಳಿ, ಒಂದು ಗೋಡೆ ಗಡಿಯಾರ ಇದ್ದವು. ಅಹ್ಮದ್ ಭಾವ ರಿಪೇರಿಯ ಗಾಜಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನಿಂದ ನಡೆದು ಬಂದಿದ್ದ. ಗಾಜು ಒಡೆದೀತೆಂದು ಬಸ್ಸಿನ ಮೇಲೆ ಹಾಕಲು ಬಿಡದೆ, ಸೀಟೂ ಸಿಗದೆ, ದಾರಿಯುದ್ದಕ್ಕೂ ನಿಂತೇ ಬಂದನಂತೆ. ಕತ್ತು ಒಂದು ಕಡೆ ವಾಲಿತ್ತು.

"ಅಂಗಡಿ?" ಅಂದೆ.

"ಬಿಟ್ಟುಕೊಟ್ಟೆ. ಜಲಾಲ, ಆ ಕಾಗದದಲ್ಲಿ ಮಗು ಅಲ್ಲಿಗೆ ಬರ್ಬಾರ್ದು ಅಂತ ತಾನೆ ಬರ್ದಿರದು? ನಾವು ಇಲ್ಲಿಗೆ ಬರ್ಬಾರ್ದು ಅಂತ ಬರ್ದಿದಾರಾ?"

ನನಗೆ ಅವನ ಮೇಲೆ ಇದ್ದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಪೆಟ್ಟಿಗೆಯ ಒಂದು ಬದಿ ಹಿಡಿದೆ. ಇಬ್ಬರೂ ಇಳಿಸಿದೆವು.

ಈಗ ನನ್ನ ಕಲಾಯಿ ಒಲೆಯ ಪಕ್ಕದ ಹಲಗೆಯ ಮೇಲೆ ಅವನ ಅಂಗಡಿ. ನನ್ನ ಹೊಗೆ ಅವನ ಗಾಜಿಗೆ ಕೂರುತ್ತದೆ, ದಿನಾ ಜಗಳ. ಕೋರ್ಟಿನ ತಾರೀಖು ಇನ್ನೂ ಬಂದಿಲ್ಲ. ವರ್ಷ ಕರಗುತ್ತಿದೆ. ವಾರಕ್ಕೊಮ್ಮೆ ಅಕ್ಕ ಮಗುವಿಗೆ ತಲೆ ಬಾಚಿ ಠಾಣೆಗೆ ಕರೆದೊಯ್ಯುತ್ತಾಳೆ, ವಾಪಸು ಬರುವವರೆಗೆ ನಾವಿಬ್ಬರೂ ಕೆಲಸ ಮುಟ್ಟುವುದಿಲ್ಲ.

ಅಕ್ಕ ಅಳುತ್ತ ಹತ್ತುತ್ತಿದ್ದ ಸಂಜೆಯ ನರಸಿಂಹರಾಜಪುರದ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಹಾರ್ನ್ ಕೇಳಿದರೆ ಸಾಕು, ಜಹೀರಾ ಕೈಬೀಸಲು ರಸ್ತೆಯ ಕಡೆ ಓಡುತ್ತಾಳೆ. ನಿನ್ನೆಯೂ ಓಡಿದಳು. ಒಲೆ ಬಿಟ್ಟು ನಾನು, ಒಳಗಿನಿಂದ ಅಕ್ಕ, ಹಲಗೆಯಿಂದ ಭಾವ, ಮೂವರೂ ಒಟ್ಟಿಗೇ ಎದ್ದು ಓಡಿದೆವು. ಬಸ್ಸು ಹೋಗಿ ಧೂಳು ಅಡಗಿದ ಮೇಲೂ ಅವಳು ಕೈಬೀಸುತ್ತಲೇ ಇದ್ದಳು. ಅವಳ ಲಂಗದ ಹಿಂದಿನ ಲಾಡಿಯನ್ನು ಭಾವ ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಿದ್ದ.