ಹಳದಿ ಮುತ್ತುಗ

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಜೀಪು ಓಡಿಸುವವಳು ಜೀಪಿನ ಹತ್ತಿರವೇ ಇರಬೇಕಂತೆ, ಅರಣ್ಯ ಇಲಾಖೆಗೆ ಬಂದ ಹೊಸ ಮೇಡಂ ಹೇಳಿದ್ದರು. ಇರುವುದು ಹೇಗೆ? ಆ ಹುಲ್ಲುಬಯಲಿನಲ್ಲಿ ಒಂಟಿ ಮರದ ಕಡೆ ನಡೆದಿದ್ದವಳು ನನ್ನ ಅಕ್ಕ. ಅವಳ ಕಣ್ಣು ಮಂಜಾಗಿ, ಬಣ್ಣವೇ ತಿಳಿಯದಂತಾಗಿ ಮೂರು ತಿಂಗಳಾಗಿತ್ತು, ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಹೋಗಿ ಮೇಡಂ ಪಕ್ಕದಲ್ಲೇ ನಿಂತೆ.

ನಲವತ್ತು ವರ್ಷದಿಂದ ಅಕ್ಕನ ಕೆಲಸ ಒಂದೇ, ಕಾಡುಮೇಡು ಅಲೆದು ಮರ ಗುರುತಿಸಿ ಪಟ್ಟಿಗೆ ಬರೆಸುವುದು. ಅವಳ ಕಣ್ಣಿನ ಮೇಲೆ ಮೇಡಂಗೆ ಅನುಮಾನ ಬಂದಿತ್ತು. ಇವತ್ತು ಒಂದು ಮರ ತಪ್ಪು ಹೇಳಿದರೂ ನಾಳೆಯಿಂದ ಆಫೀಸಿನ ಕುರ್ಚಿಯೇ ಗತಿ. "ಕುರ್ಚಿ ಮೇಲೆ ಕೂರಿಸಿದ್ರೆ ಸತ್ತೇ ಹೋಗ್ತೀನಿ ಕಣೇ," ಅಕ್ಕ ಅಂದಿದ್ದಳು.

ಮುಟ್ಟಿ ಮರ ಹೇಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಬಣ್ಣ ಮಾತ್ರ ಕೈಗೆ ಸಿಗುವುದಿಲ್ಲವಲ್ಲ! ಅದಕ್ಕೇ ಬೆಳಿಗ್ಗೆ ಮಾತಾಗಿತ್ತು: ಹೂ ಕೆಂಪಾದರೆ ನಾನು ಒಂದು ಸಲ ಕೆಮ್ಮುವುದು, ಹಳದಿಯಾದರೆ ಎರಡು ಸಲ.

ಅಕ್ಕ ತೊಗಟೆ ಸವರಿದಳು. ಬಾಗಿದ ಕೊಂಬೆಯಿಂದ ಹೂವೊಂದನ್ನು ಕಿತ್ತು, ಗಿಣಿಕೊಕ್ಕಿನಂಥ ಎಸಳನ್ನು ಹೆಬ್ಬೆರಳಿನಿಂದ ನೇವರಿಸಿದಳು.

"ಮುತ್ತುಗ, ಮೇಡಂ."

"ಸರಿ. ಹೂ ಕೆಂಪೋ, ಹಳದಿನೋ? ಅದನ್ನೂ ಬರೀಬೇಕು."

ಹಳದಿ ಮುತ್ತುಗ ಸಾವಿರಕ್ಕೊಂದು. ಅದನ್ನು ಹುಡುಕಿ ಹುಡುಕಿಯೇ ಅಕ್ಕನ ತಲೆ ನರೆತಿದ್ದು. ಇದು ಕೆಂಪು, ಅಪ್ಪಟ ಕೆಂಪು. ನಾನು ಒಮ್ಮೆ ಕೆಮ್ಮಿದೆ. ಅದರ ಬೆನ್ನಿಗೇ, ಗಂಟಲಿಗೆ ಧೂಳು ಹೋಗಿ ಮೇಡಮ್ಮೂ ಕೆಮ್ಮಬೇಕೆ! ಆ ಧೂಳಿನ ಮನೆ ಹಾಳಾಗ!

ಅಕ್ಕನ ಮುಖ ಅರಳಿತು. "ಹಳದಿ! ಹಳದಿ ಮುತ್ತುಗ ಮೇಡಂ! ನಲವತ್ತು ವರ್ಷಕ್ಕೆ ಸಿಕ್ತು ನೋಡಿ!" ಹೂವನ್ನು ಕೆನ್ನೆಗೊತ್ತಿಕೊಂಡಳು.

ಮೇಡಂ ಪೆನ್ನು ನಿಂತಿತು. ಮರ ನೋಡಿ, ಆಮೇಲೆ ನನ್ನನ್ನು ನೋಡಿದರು. "ನಾಳೆಯಿಂದ ನಿಮ್ಮಕ್ಕ ಆಫೀಸಲ್ಲೇ ಇರ್ಲಿ," ಎಂದರು ಮೆಲ್ಲಗೆ.

"ಯಾಕೆ? ಏನ್ ತಪ್ಪು ಹೇಳ್ದೆ?" ಅಕ್ಕ ನನ್ನತ್ತ ತಿರುಗಿದಳು. "ನೀನಾದ್ರೂ ಹೇಳೇ!"

ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

"ಕೆಂಪು ಅಕ್ಕಾ. ಮರಪೂರ್ತಿ ಕೆಂಪು."

ಅಕ್ಕ ಹೂವನ್ನು ಕೆನ್ನೆಯಿಂದ ಇಳಿಸಿದಳು. ಕಾಡಿನ ಕೆಲಸ ಹೋದ ಮಾತನ್ನಂತೂ ಎತ್ತಲೇ ಇಲ್ಲ.

"ಹಾಗಾದ್ರೆ ಹಳದಿ ಇನ್ನೂ ಎಲ್ಲೋ ಇದೆ, ನಡಿ," ಎಂದವಳೇ ಜೀಪಿಗೆ ಬೆನ್ನು ಮಾಡಿ ಹುಲ್ಲಿನೊಳಗೆ ನಡೆದೇಬಿಟ್ಟಳು. ನಾನು ಓಡಿಹೋಗಿ, ಮೇಡಂ ಎದುರಿಗೇ, ಅವಳ ಕೈ ಹಿಡಿದುಕೊಂಡೆ.