ಗೋಪೀನಾಥನ ‘ಯು ಸೀ, ಐ ಮೀನ್’

ಬಾಯಿ ತೆರೆದರೆ ‘ವೆಲ್’, ಮುಚ್ಚುವಾಗ ‘ಯು ನೋ’, ನಡುವೆಲ್ಲ ‘ಐ ಮೀನ್’, ‘ಆಕ್ಚುಯಲಿ’. ನಮ್ಮ ಕಾರ್ಖಾನೆಯ ಪರ್ಸೊನೆಲ್ ಆಫೀಸರ್ ಗೋಪೀನಾಥನ ಇಂಗ್ಲಿಷ್ ಅಂದರೆ ಇಷ್ಟೇ. ಅದನ್ನು ಕೇಳಿ ಅರ್ಧ ಹೊಸೂರು ಬಾಯಿ ಬಿಡುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಅವನ ಸ್ಟೆನೋ ನಾನು. ತಿಂಗಳಿಗೊಂದು ಕಮಿಟಿ ಮೀಟಿಂಗು. ಅಲ್ಲಿ ಅವನಾಡಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುವುದು ನನ್ನ ಕರ್ಮ.

“ಆ ಯು ಸೀ, ಯು ನೋ ಎಲ್ಲ ಬಿಟ್ಬುಡಿ ಜಲಜಮ್ಮ, ತಿರುಳು ಮಾತ್ರ ಹಾಕಿ,” ಎನ್ನುತ್ತಿದ್ದ. ತಿರುಳು ಇದ್ದರೆ ತಾನೆ?

ಎಂಬತ್ತಮೂರರಲ್ಲಿ ಕೆಲಮಂಗಲದ ಪಿಳ್ಳಮ್ಮನ ಎರಡು ಬೆರಳು ಪ್ರೆಸ್ ಮೆಷಿನ್ನಿಗೆ ಹೋದವು. ಗಾಯ ಮಾಗಿದ ಮೇಲೆ, ಪ್ಯಾಕಿಂಗಿನಲ್ಲಾದರೂ ಕೆಲಸ ಕೊಡಿ ಎಂದು ಅರ್ಜಿ ಹಾಕಿದಳು. ಯೂನಿಯನ್ನಿನವರು ಮೀಟಿಂಗಿನಲ್ಲಿ ಕೇಳಿದಾಗಲೆಲ್ಲ ಈ ಮಹಾನುಭಾವ “ವೆಲ್, ಯು ಸೀ” ಎಂದು ಶುರುಮಾಡಿದರೆ ಊಟದ ಸೈರನ್ ಆಗುವವರೆಗೂ ನಿಲ್ಲಿಸುತ್ತಿರಲಿಲ್ಲ. ಬೇರೆಯವರು ಬಾಯಿ ಹಾಕದಂತೆ, ಉಸಿರೆಳೆಯುವ ಜಾಗದಲ್ಲೂ ಒಂದು ‘ಐ ಮೀನ್’ ಇಟ್ಟುಬಿಡುತ್ತಿದ್ದ. ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಹಾಳೆ ಖಾಲಿ ಬಿಡುವಂತಿಲ್ಲವಲ್ಲ, ‘ಪರಿಶೀಲಿಸಲಾಗುವುದು’ ಎಂಬರ್ಥದ ಒಂದು ಸಾಲು ಟೈಪ್ ಮಾಡುತ್ತಿದ್ದೆ. ಅವನು ಓದದೆ ಸಹಿ ಹಾಕುತ್ತಿದ್ದ. ಗೇಟಿನ ಹತ್ತಿರ ಕಾದಿರುತ್ತಿದ್ದ ಪಿಳ್ಳಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿ ಮನೆಗೆ ಹೋಗುತ್ತಿದ್ದೆ. ಆರು ತಿಂಗಳು ಹೀಗೇ ನಡೆಯಿತು.

ಏಳನೆಯ ತಿಂಗಳು ಮದರಾಸಿನಿಂದ ದೊಡ್ಡ ಸಾಹೇಬರು ಮೀಟಿಂಗಿಗೆ ಬಂದರು. ಪಿಳ್ಳಮ್ಮನನ್ನೂ ಒಳಗೆ ಕರೆಸಿದ್ದರು. ಅವಳ ವಿಷಯದಲ್ಲಿ ಹೋದ ಸಲ ಏನು ಹೇಳಿದ್ದು, ಓದಿ ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ಟೈಪ್ ಮಾಡಿದ ಹಾಳೆ ಬದಿಗಿಟ್ಟು ಶಾರ್ಟ್‌ಹ್ಯಾಂಡ್ ಪುಸ್ತಕ ತೆರೆದು, ಅವನು ಆಡಿದ್ದ ಹಾಗೇ ಒಂದಕ್ಷರ ಬಿಡದೆ ಓದಿದೆ. “ವೆಲ್, ಯು ಸೀ, ದಿಸ್ ಕೇಸ್, ಐ ಮೀನ್, ಆಕ್ಚುಯಲಿ, ಯು ನೋ...” ಎರಡು ಪುಟ. ಗೋಪೀನಾಥನ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಇದರಲ್ಲಿ ಉತ್ತರ ಎಲ್ಲಿದೆ? ಯೆಸ್ ಆರ್ ನೋ?” ಎಂದರು ಸಾಹೇಬರು.

“ವೆಲ್...”

ಸಾಹೇಬರು ಕೈಯೆತ್ತಿ ತಡೆದರು.

“ನೋ,” ಎಂದ ಗೋಪೀನಾಥ. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡು ಆರು ತಿಂಗಳಾಯಿತಂತೆ.

ಸಾಹೇಬರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು.

ಹೊರಗೆ ಬಂದವಳೇ ಪಿಳ್ಳಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. “ಅವನ ಬಾಯಿಗೆ ಮಣ್ಣು ಹಾಕ! ಆರು ತಿಂಗ್ಳು ಆಟ ಆಡಿಸ್ಬುಟ್ಟ ನೋಡು,” ಎಂದು ಹಲ್ಲು ಕಡಿದೆ.

ಅವಳು ನನ್ನನ್ನೇ ದಿಟ್ಟಿಸಿದಳು. “ಅವ್ನ ಇಂಗ್ಲಿಷ್ ನಂಗೆಲ್ಲಿ ತಿಳೀತದಮ್ಮ? ಅವಲಪಲ್ಲಿ ಹೂದೋಟದಾಗೆ ಕೆಲ್ಸಕ್ಕೆ ಎರಡ್ ಕಿತ ಕರುದ್ರು. ನೀವು ಹೇಳಿದ್ದು ನಂಬ್ಕೊಂಡು ಬರಾಕಿಲ್ಲ ಅಂದ್ಬುಟ್ಟೆ. ಪರಿಶೀಲಿಸ್ತೀನಿ ಅಂತ ಅವ್ನು ಒಂದ್ ಸಲನಾರ ಅಂದಿದ್ನಾ?”

“ಇಲ್ಲ ಪಿಳ್ಳಮ್ಮ, ಅದು ನಾನೇ ಹಾಕಿದ್ದು,” ಎಂದೆ.

“ಅಂಗಾರೆ ಅವ್ನು ಏನೂ ಹೇಳ್ನಿಲ್ಲ,” ಎಂದಳು. “ಸುಳ್ಳು ಹೇಳಿದ್ದು ನೀನು.”