ಗುರುವಾರದ ನೆಂಟಸ್ತಿಕೆ

ಹೇಜಲ್ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿದ್ದ ಉದ್ದನೆಯ ಕಾಗದದ ಮೂಲೆಗಳಿಗೆ ಟೊಮೆಟೊ ಸೂಪಿನ ಡಬ್ಬಿಗಳನ್ನು ಹೇರುತ್ತಿದ್ದಳು. ಮೂರನೆಯ ಡಬ್ಬಿ ಇಡುವಷ್ಟರಲ್ಲಿ ಮೊದಲನೆಯದು ಉರುಳಿಕೊಂಡು ಫ್ರಿಜ್ಜಿನ ಕಡೆಗೆ ಹೊರಟಿತು. ಮೈಮೇಲೆ ಕಪ್ಪು ಉಡುಪು, ಕಾಲಿಗೆ ಅಪ್ಪನ ಚಪ್ಪಲಿ. ಅಪ್ಪನ ಶವಪೆಟ್ಟಿಗೆ ಹೊತ್ತ ಕಾರು ಬಾಗಿಲಿಗೆ ಬರಲು ಇನ್ನು ಅರ್ಧ ಗಂಟೆ ಇತ್ತು.

ಅದು ಗೋಡೆಗೆ ಅಂಟಿಸುವ ಕಾಗದ. ಅಮ್ಮ ಬದುಕಿದ್ದಾಗ ಮಲಗುವ ಕೋಣೆಗೆ ಅಂಟಿಸಿ ಮಿಕ್ಕಿದ್ದು. ಒಂದು ಮಗ್ಗುಲಿಗೆ ಗುಲಾಬಿ ಹೂಗಳು. ಇನ್ನೊಂದು ಮಗ್ಗುಲಿಗೆ ಅಪ್ಪ ವಿಲ್ಫ್ ನಟ್ಟಾಲ್ ಇಪ್ಪತ್ತು ವರ್ಷ ಕೂತು ಬರೆದ ವಂಶವೃಕ್ಷ. ಸಂಸ್ಕಾರ ಮುಗಿದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ, ಚಹಾ ಮತ್ತು ಹ್ಯಾಮ್ ಸ್ಯಾಂಡ್‌ವಿಚ್ಚಿನ ಮೇಜಿನ ಮೇಲುಗಡೆ, ಅದನ್ನು ತೂಗುಹಾಕಬೇಕೆಂದು ಹೇಜಲ್ ಪಾದ್ರಿಗೆ ಮಾತು ಕೊಟ್ಟಿದ್ದಳು.

ಸುರುಳಿಯ ಒಳಗಿನಿಂದ ಮಡಚಿದ ಹಾಳೆಯೊಂದು ಜಾರಿ ಬಿತ್ತು. ಯಾವುದೋ ಚರ್ಚಿನ ಸಮಾಧಿ ಪುಸ್ತಕದ ನಕಲು. ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ: ಬೆಟ್ಸಿ ಸೇಗರ್, ನೇಕಾರ ಜೇಮ್ಸ್ ಸೇಗರನ ಮಗಳು, ವಯಸ್ಸು ಹದಿನಾಲ್ಕು ತಿಂಗಳು, 1848. ಅದರ ಕೆಳಗೆ ಅಪ್ಪನ ಕೋಳಿ ಕೆದಕಿದಂಥ ಅಕ್ಷರ: "ಹಾಗಾದರೆ ನಮ್ಮ ಬೆಟ್ಸಿ ಇವಳಲ್ಲ. ನಮ್ಮವಳು ಯಾರ ಮಗಳೋ ಗೊತ್ತಿಲ್ಲ. ಸೇಗರರ ಕೊಂಬೆ ಪೂರ್ತಿ ತಪ್ಪು. ಎನಿಡ್‌ಗೆ ಹೇಳಕೂಡದು." ತಾರೀಖು ಆರು ವರ್ಷ ಹಿಂದಿನದು.

"ಏನದು?" ಬಾಗಿಲಲ್ಲಿ ತಮ್ಮ ಟ್ರೆವರ್ ಟೈ ಬಿಗಿದುಕೊಳ್ಳುತ್ತ ನಿಂತಿದ್ದ.

ಮುಚ್ಚಿಡುವಷ್ಟು ಚುರುಕು ಹೇಜಲ್‌ಗೆ ಇರಲಿಲ್ಲ. ಅವನು ಓದಿದ. ಎರಡನೆಯ ಸಲ ಓದಿದ.

"ಹುಟ್ಟಿದ್ದು ಹುಡುಕಿದಾನೆ, ಸತ್ತಿದ್ದು ಆಗ ಹುಡುಕಿಲ್ಲ," ಎಂದ. "ಇಪ್ಪತ್ತು ವರ್ಷ ಯಾರದೋ ಅಜ್ಜಿನ ಮೆರೆಸಿದಾನೆ ನಮ್ಮಪ್ಪ. ಅಂದ್ರೆ ಎನಿಡ್..."

"ಟ್ರೆವರ್, ಇವತ್ತು ಬೇಡ."

"ಎನಿಡ್ ನಮಗೆ ಏನೂ ಅಲ್ಲ."

*

ವಿಲ್ಫ್ ಬಟ್ಟೆ ಮಿಲ್ಲುಗಳ ಊರು ಪ್ಯಾಡಿಹ್ಯಾಮಿನಲ್ಲಿ ಗ್ಯಾಸ್ ಮೀಟರ್ ನೋಡುವ ಕೆಲಸದಲ್ಲಿದ್ದವನು. ಮೂವತ್ತೈದು ವರ್ಷ ಜನರ ಮನೆಯ ಮೆಟ್ಟಿಲ ಕೆಳಗೆ ಟಾರ್ಚು ಹಿಡಿದು ಬಗ್ಗಿದವನಿಗೆ ಊರಿನಲ್ಲಿ ಯಾರ ಮೀಟರು ಎಷ್ಟು ಎಂಬುದು, ಎರಡೂ ಅರ್ಥದಲ್ಲಿ, ಚೆನ್ನಾಗಿ ಗೊತ್ತಿತ್ತು. ನಿವೃತ್ತನಾದ ಮೇಲೆ ಟಾರ್ಚನ್ನು ಸತ್ತವರ ಕಡೆಗೆ ತಿರುಗಿಸಿದ.

ಜನಗಣತಿಯ ಹಾಳೆಗಳನ್ನು ಅವನು ಓದುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದ. ಮೂಗಿನಲ್ಲಿ ಮಾತಾಡುವ ಗಣತಿಯ ಗುಮಾಸ್ತ ಅವನೇ. ಬಾಗಿಲು ತೆರೆದು, ಸೊಂಟದ ಮೇಲೆ ಕೂಸು ಇಟ್ಟುಕೊಂಡು, "ಎಷ್ಟು ಮಕ್ಕಳು ಅಂತ ಈಗಲೇ ಹೇಳ್ಬೇಕಾ, ಸಂಜೆ ಬನ್ನಿ, ಮಿಲ್ಲಿಂದ ಬಂದ್ಮೇಲೆ ಎಣಿಸ್ಕೊಳ್ಳಿ," ಎನ್ನುವ ತಾಯಿಯೂ ಅವನೇ. ಅವನ ಮುದ್ದಿನ ಪಾತ್ರ ಬೆಟ್ಸಿ ಸೇಗರ್. ಅವನ ಮುತ್ತಜ್ಜನ ತಾಯಿ. ಹತ್ತನೆಯ ವಯಸ್ಸಿಗೆ ಬೆಳಿಗ್ಗೆ ಮಿಲ್ಲು, ಮಧ್ಯಾಹ್ನ ಶಾಲೆ. ಇಪ್ಪತ್ತಕ್ಕೆ ಒಬ್ಬಳೇ ನಾಲ್ಕು ಮಗ್ಗ. ಮದುವೆಯ ದಾಖಲೆಯಲ್ಲಿ ತಂದೆಯ ಹೆಸರು ಬರೆಯುವ ಕಡೆ ಒಂದು ಅಡ್ಡಗೆರೆ ಅಷ್ಟೇ. ಆ ಗೆರೆ ವಿಲ್ಫ್‌ಗೆ ಸಹಿಸಲಾಗಲಿಲ್ಲ. "ಪಾಪದ ಹುಡುಗಿಗೆ ಅಪ್ಪ ಬೇಡ್ವಾ?" ಎಂದು ಎರಡು ವರ್ಷ ಹುಡುಕಿ, ಅದೇ ಊರಿನ, ಅದೇ ವಯಸ್ಸಿನ ಬೆಟ್ಸಿ ಸೇಗರ್ ಎಂಬವಳ ನಾಮಕರಣದ ದಾಖಲೆ, ಅಪ್ಪನ ಹೆಸರಿನ ಸಮೇತ, ಸಿಕ್ಕ ದಿನ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ.

ಆ ಬೆಟ್ಸಿಯ ಅಣ್ಣನ ವಂಶ ಹಿಡಿದು ಇಳಿಯುತ್ತ ಇಳಿಯುತ್ತ ಬಂದು ನಿಂತದ್ದು ನಾಲ್ಕೇ ಬೀದಿ ಆಚೆ, ಒಂಟಿ ಮುದುಕಿ ಎನಿಡ್ ಸೇಗರ್ ಮನೆ ಬಾಗಿಲಲ್ಲಿ. ಅವನು ಎಷ್ಟೋ ವರ್ಷ ಹೊಕ್ಕು ಹೊರಟ ಬಾಗಿಲೇ.

"ಮೀಟರು ಮೆಟ್ಟಿಲ ಕೆಳಗಿದೆ," ಎಂದಿದ್ದಳು ಎನಿಡ್.

"ಮೀಟರಿಗಲ್ಲ. ನಾನು ನಿನ್ನ ಕಸಿನ್ನು."

"ಬೂಟು ಒರೆಸ್ಕೊಂಡು ಬಾ ಹಾಗಾದ್ರೆ."

ಅಂದಿನಿಂದ ಪ್ರತಿ ಗುರುವಾರ ಹನ್ನೆರಡಕ್ಕೆ, ಮಾಂಸ ಮತ್ತು ಆಲೂಗಡ್ಡೆಯ ಎರಡು ಪೈ ಕಟ್ಟಿಸಿಕೊಂಡು ವಿಲ್ಫ್ ಅಲ್ಲಿಗೆ ಹೋಗುತ್ತಿದ್ದ. ಹದಿನೈದಕ್ಕೇ ಮಗ್ಗಕ್ಕೆ ನಿಂತವಳು ಎನಿಡ್. ಸಾವಿರ ಮಗ್ಗಗಳ ಸದ್ದಿನಲ್ಲಿ ನೇಕಾರ ಹೆಂಗಸರು ದನಿಯಿಲ್ಲದೆ, ಬರೀ ತುಟಿಯನ್ನು ಅಗಲವಾಗಿ ಆಡಿಸಿ, ಒಬ್ಬರ ಬಾಯಿ ಒಬ್ಬರು ನೋಡಿ ಮಾತಾಡಿಕೊಳ್ಳುತ್ತಿದ್ದರು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾದರೂ ಅವಳ ತುಟಿಯಾಗಲಿ ಕಣ್ಣಾಗಲಿ ಆ ಅಭ್ಯಾಸ ಬಿಟ್ಟಿರಲಿಲ್ಲ. ವಿಲ್ಫ್ ಕಿಟಕಿಯ ಆಚೆ ನಿಂತು ಬಾಯಿ ಅಗಲಿಸಿ "ಪೈ ಆರ್ತಾ ಇದೆ" ಎಂದರೆ, ಅವಳು ಒಳಗಿನಿಂದಲೇ ತುಟಿಯಲ್ಲಿ ಬೈಯುತ್ತಿದ್ದಳು. ಬೈಗುಳ ಮಾತ್ರ ವಿಲ್ಫ್‌ಗೆ ಬೇಗ ಓದಲು ಬಂತು.

*

ಮೊದಲು ಶವದ ಕಾರು, ಹಿಂದೆ ಮನೆಯವರ ಕಾರು. ಎನಿಡ್‌ಳನ್ನು ಹತ್ತಿಸಿಕೊಳ್ಳಲು ಅವಳ ಬೀದಿಗೆ ತಿರುಗಿದಾಗಲೂ ಟ್ರೆವರ್ ಬಾಯಿ ಮುಚ್ಚಿರಲಿಲ್ಲ. ಗಾಜು ಏರಿಸಿತ್ತು. ಎನಿಡ್ ನೀಲಿ ಟೋಪಿ ಇಟ್ಟು, ಕೈಚೀಲ ಹಿಡಿದು, ಬಾಗಿಲ ಮುಂದೆ ಆಗಲೇ ನಿಂತಿದ್ದಳು.

"ಮುಂದಿನ ಸಾಲಲ್ಲಿ ನಮ್ಮ ಪಕ್ಕ ಕೂತ್ಕೊತಾಳೆ. ಪಾದ್ರಿ ಬೇರೆ ಶುರು ಮಾಡ್ತಾನೆ," ಎಂದು ಟ್ರೆವರ್ ಗಂಟಲು ಉಬ್ಬಿಸಿ, ಪಾದ್ರಿಯ ಜೇನು ಸುರಿವ ದನಿ ತೆಗೆದ: "'ಅಗಲಿದವರ ಪ್ರೀತಿಯ ಕಸಿನ್ ಎನಿಡ್...' ಎಲ್ಲರೆದುರು ಸುಳ್ಳು. ಪೆಟ್ಟಿಗೆ ಮುಂದೆ ಇಟ್ಕೊಂಡು."

"ಅವ್ರಿಗೆ ಬೇರೆ ಯಾರಿದಾರೆ ಹೇಳು?"

"ಯಾರೂ ಇಲ್ಲದೋರೆಲ್ಲ ನಮ್ಮೋರಾಗಲ್ಲ ಹೇಜಲ್. ಆ ಬೆಟ್ಸಿ ಕೂಸಾಗಿದ್ದಾಗ್ಲೇ ಸತ್ತಿದೆ. ಇವಳು ನಮ್ಮನೆಯವಳಲ್ಲ." ಅವನ ದನಿ ಇದ್ದಕ್ಕಿದ್ದಂತೆ ಕುಸಿಯಿತು. "ನನ್ನ ಮೊಣಕಾಲಿನ ಆಪರೇಷನ್ ಗುರುವಾರ ಇತ್ತು ಕಣೇ. ಅಪ್ಪ ಬರ್ಲಿಲ್ಲ. ಶುಕ್ರವಾರ ಬಂದ. ಇಡೀ ದಿನ ಬಾಗಿಲು ನೋಡ್ತಾ ಮಲ್ಗಿದ್ದೆ."

ಚಾಲಕ ಇಳಿದು ಎನಿಡ್‌ಗಾಗಿ ಬಾಗಿಲು ತೆರೆದ.

ಎನಿಡ್ ಕದಲಲಿಲ್ಲ. ಟ್ರೆವರನ ಮುಖದಿಂದ ಕಣ್ಣು ಕಿತ್ತು ಟೋಪಿ ಸರಿಮಾಡಿಕೊಂಡಳು.

"ನೀವು ಹೊರಡಿ. ಕಾರು ಮನೆಯವರಿಗೆ," ಎಂದಳು ಮೆಲ್ಲಗೆ. "ನಾನು ನಡ್ಕೊಂಡೇ ಬರ್ತೀನಿ. ಗಾಳಿ ಚೆನ್ನಾಗಿದೆ."

ಬೀದಿಯ ಕಸದ ಡಬ್ಬಗಳ ಮುಚ್ಚಳ ಹಾರಿಸುವಂಥ ಗಾಳಿ. ಹೇಜಲ್‌ಗೆ ಆಗ ಹೊಳೆಯಿತು. ಗಾಜಿನ ಈಚೆ ಟ್ರೆವರನ ತುಟಿ ಆಡಿದ ಒಂದೊಂದು ಮಾತನ್ನೂ ಎನಿಡ್ ಆಚೆಯಿಂದ ಓದಿದ್ದಳು.

ಅವಳು ಇಳಿದು ಎನಿಡ್‌ಳ ತೋಳು ಹಿಡಿದಳು. "ಎನಿಡ್ ಆಂಟಿ, ಅವನು ಸಂಕಟದಲ್ಲಿ ಏನೋ..."

"ಹೊರಟುಬಿಟ್ಟಿದೆ ನೋಡು, ನಡಿ."

ಶವಸಂಸ್ಕಾರದ ಕಂಪನಿಯ ಉದ್ದ ಟೋಪಿಯ ಮನುಷ್ಯ ಕೋಲು ಹಿಡಿದು ಶವದ ಕಾರಿನ ಮುಂದೆ ಹೆಜ್ಜೆ ಹಾಕುತ್ತಿದ್ದ. ಬೀದಿಯ ಕೊನೆತನಕ ಹಾಗೆ ನಡೆಯುವುದು, ಆಮೇಲೆ ಕಾರು ಹತ್ತುವುದು ಅಲ್ಲಿಯ ಪದ್ಧತಿ. ಇಬ್ಬರೂ ಅಪ್ಪನ ಹಿಂದೆ ನಡೆದರು. ಮನೆಯವರ ಕಾರು ಅವರ ಹಿಂದೆ ತೆವಳಿತು.

"ಕೂಸು ಹೋಗಿದ್ದು ನಂಗೆ ಮೊದಲಿಂದ ಗೊತ್ತು ಕಣಮ್ಮ," ಎಂದಳು ಎನಿಡ್. "ನಮ್ಮನೆ ಬೈಬಲ್ಲಿನ ಮೊದಲ್ನೇ ಹಾಳೇಲೇ ಇದೆ. ಬೆಟ್ಸಿ, ಹದಿನಾಲ್ಕು ತಿಂಗಳು."

ಹೇಜಲ್ ನಿಂತುಬಿಟ್ಟಳು. ಎನಿಡ್ ಅವಳನ್ನು ಎಳೆದುಕೊಂಡೇ ನಡೆದಳು.

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ನನ್ನ ಬಾಗಿಲಿಗೆ ಬಂದು ಕಸಿನ್ನೇ ಅಂದೋನು ಅವನೊಬ್ನೇ. ಅಲ್ಲ ಅನ್ನೋಕೆ ನಾಲಿಗೆ ಬರ್ಲಿಲ್ಲ. ಅವನು ಬಂದ್ಹೋದ ದಿನವೇ ಬೈಬಲ್ ತಗೊಂಡು ಹೋಗಿ ಮೆಟ್ಟಿಲ ಕೆಳಗೆ, ಮೀಟರಿನ ಹಿಂದೆ ಇಟ್ಟೆ. ಜೀವಮಾನವೆಲ್ಲ ಮೀಟರು ನೋಡಿದೋನು, ಬಿಟ್ಟಿಯಾಗಿ ಇನ್ನೊಂದ್ಸಲ ನೋಡಲ್ಲ ಅಂತ." ಗಾಳಿಗೆ ಹಾರದಂತೆ ಟೋಪಿ ಹಿಡಿದುಕೊಂಡಳು. "ಅವನು ಗೊತ್ತಾಗದೇನೇ ಹೋದ್ನಲ್ಲ, ಅದೊಂದು ಸಮಾಧಾನ."

"ಗೊತ್ತಿತ್ತು, ಆಂಟಿ. ಆರು ವರ್ಷದಿಂದ. ನಿಮಗೆ ಹೇಳಕೂಡದು ಅಂತ ಬರ್ದಿಟ್ಟಿದಾನೆ."

ಎನಿಡ್ ಮುಂದಿನ ಕಾರಿನ ಗಾಜಿನೊಳಗಿನ ಪೆಟ್ಟಿಗೆಯನ್ನೇ ನೋಡಿದಳು. ಅವಳ ತುಟಿ ಅಗಲವಾಗಿ, ದನಿಯಿಲ್ಲದೆ ಏನೋ ಹೇಳಿತು. ಹೇಜಲ್‌ಗೆ ಓದಲು ಬರಲಿಲ್ಲ. ಬೈಗುಳವೇ ಇರಬೇಕು ಎನಿಸಿತು.

"ಆರು ವರ್ಷ," ಎಂದಳು ಎನಿಡ್ ಕೊನೆಗೆ, ಕಣ್ಣೊರೆಸಿಕೊಂಡು. "ಅಷ್ಟು ದಿನವೂ ಹಬೆಯಾಡೋ ಪೈ ತಂದ, ಖದೀಮ."

ಬೀದಿಯ ಕೊನೆ ಬಂತು. ಉದ್ದ ಟೋಪಿಯವನು ಕಾರು ಹತ್ತಲು ಬಾಗಿಲಿಗೆ ಕೈಯಿಟ್ಟವನು ತಿರುಗಿ ನೋಡಿದ. ಇಬ್ಬರು ಹೆಂಗಸರು ನಡೆಯುತ್ತಲೇ ಇದ್ದರು. ಅವನು ಬಾಗಿಲು ಬಿಟ್ಟು, ಟೋಪಿಯನ್ನು ಒತ್ತಿಟ್ಟುಕೊಂಡು, ಮತ್ತೆ ಮುಂದೆ ನಿಂತು ಚರ್ಚಿನ ಏರಿಗೆ ಹೆಜ್ಜೆ ಹಾಕಿದ.

ಎನಿಡ್ ಹಿಂದಕ್ಕೆ ತಿರುಗಿದಳು. ಹಿಂದಿನ ಕಾರಿನಲ್ಲಿ ಟ್ರೆವರ್ ಮಡಿಲಲ್ಲಿ ಕೈ ಜೋಡಿಸಿ ಕೂತಿದ್ದ. ಅವಳು ಅವನನ್ನು ತುಟಿಯಲ್ಲೇ ಏನೋ ಕೇಳಿದಳು. ಗಾಜು ಇಳಿಯಿತು.

"ಏನಂದ್ರಿ?"

"ಮೊಣಕಾಲು ಹೇಗಿದೆ ಅಂದೆ. ಆ ಗುರುವಾರ ಪೈ ಮುಟ್ಟಲಿಲ್ಲ ನಿಮ್ಮಪ್ಪ. ಆಸ್ಪತ್ರೆ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದ. ಮಗನ ಕಾಲು ಕುಯ್ಯೋದನ್ನ ನೆನೆಸ್ಕೊಂಡು ಒಳಗೆ ಹೋಗೋಕಾಗ್ಲಿಲ್ಲ ಅಂತ ನನ್ನ ಅಡುಗೆಮನೇಲಿ ಕೂತು ಅತ್ತ. ನಾನೇ ಶುಕ್ರವಾರ ಹೊರಡಿಸಿ ಕಳಿಸ್ದೆ."

ಟ್ರೆವರ್ ತುಸು ಹೊತ್ತು ಅವಳ ಬಾಯನ್ನೇ ನೋಡಿದ, ಓದಲು ಕಲಿಯುತ್ತಿರುವವನ ಹಾಗೆ. ಆಮೇಲೆ ಚಾಲಕನ ಹೆಗಲು ಮುಟ್ಟಿದ. ಕಾರು ನಿಂತಿತು.

"ಮೆಟ್ಟಿಲು ಇಳಿಯುವಾಗ ನೋಯತ್ತೆ," ಎಂದ ಹತ್ತಿರ ಬಂದು. "ನಡೆಯೋಕೆ ಪರವಾಗಿಲ್ಲ."

"ಏರಿಗೆ ಕೈ ಕೊಡು ಹಾಗಾದ್ರೆ. ನನಗಲ್ಲ, ನಿನಗೇ ಬೇಕು."

ಅವನು ಕೈ ಕೊಟ್ಟ. ಎನಿಡ್ ನಡುವೆ, ಇಬ್ಬರೂ ಎರಡು ಕಡೆ. ಅವಳ ಎಂಬತ್ತೆಂಟು ವರ್ಷದ ಕಾಲು ಇಡುವ ಹೆಜ್ಜೆಗೆ ತಕ್ಕಂತೆ ಮುಂದೆ ಟೋಪಿಯವನು, ಅವನ ಬೆನ್ನಿಗೆ ವಿಲ್ಫ್, ಏರು ಹತ್ತುತ್ತಿದ್ದರು. ಹಿಂದೆ ಎರಡು ಬಸ್ಸು, ಹಾಲಿನ ಲಾರಿ, ಎಷ್ಟೋ ಕಾರುಗಳು ಸಾಲುಗಟ್ಟಿದ್ದವು. ಯಾರೂ ಹಾರನ್ ಒತ್ತಲಿಲ್ಲ. ಆ ಸಾಲಿನ ಮುಂದುಗಡೆ, ಮನೆಯವರಿಗೆಂದು ತರಿಸಿದ್ದ ಉದ್ದನೆಯ ಕಪ್ಪು ಕಾರು, ಒಳಗೆ ಚಾಲಕನ ಹೊರತು ಒಬ್ಬರೂ ಇಲ್ಲದೆ, ಉಜ್ಜಿ ಹೊಳಪಿಸಿದ ಖಾಲಿ ಸೀಟುಗಳನ್ನು ಹೊತ್ತು ಮೆಲ್ಲಗೆ ಬರುತ್ತಿತ್ತು.